ಆಯ್ಕೆ ಆಕೆಯದೇ ಆದರೆ

2022ರ ಅಕ್ಟೋಬರ್ 13ರಂದು ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರ ಪಾಲಿಗೆ ಅದು ಕೊನೆಗೂ ವಿದ್ಯಾರ್ಥಿನಿಯ ಆಯ್ಕೆಯ ಪ್ರಶ್ನೆಯಾಗಿತ್ತು. ಹೊರನಾಡಿನ ಪ್ರಗತಿಪರರೂ ಮುಸ್ಲಿಂ ಪೋಷಕರೂ ಈ ನಿಲುವನ್ನು ಎತ್ತಿಹಿಡಿಯುವುದು ನ್ಯಾಯವೇ. ತರಗತಿಯ ಬಾಗಿಲಲ್ಲಿ ನಿಂತು ಹುಡುಗಿಯ ತಲೆವಸ್ತ್ರ ತೆಗೆಸುವುದು ಪ್ರಭುತ್ವದ ಕೆಲಸವಲ್ಲ.

ಆದರೆ ಆಯ್ಕೆಗೆ ಎರಡು ಮಗ್ಗುಲುಗಳಿವೆ. ತೊಡುತ್ತೇನೆ ಎನ್ನುವ ಮಗಳ ಹಕ್ಕಿಗಾಗಿ ದನಿಯೆತ್ತುವ ತಂದೆತಾಯಿ, ತೊಡಲಾರೆ ಎನ್ನುವ ಮಗಳೆದುರೂ ಅದೇ ತತ್ವಕ್ಕೆ ಬದ್ಧರಾಗಿರಬಲ್ಲರೇ? ಇಲ್ಲವಾದರೆ ಅವರು ಸಮರ್ಥಿಸಿದ್ದು ಆಕೆಯ ಆಯ್ಕೆಯನ್ನಲ್ಲ, ತಮ್ಮದನ್ನು.

ಮಕ್ಕಳಿಗೆ ಧರ್ಮ ಕಲಿಸುವುದು ಅಪರಾಧವಲ್ಲ. ನಮಾಜು, ರಂಜಾನಿನ ಉಪವಾಸ, ಅಜ್ಜಿ ಹೇಳುವ ಪ್ರವಾದಿಗಳ ಕತೆಗಳು ಬ್ಯಾರಿ, ದಖನಿ ನುಡಿಗಳಷ್ಟೇ ಸಹಜವಾದ ಬಳುವಳಿ. ಹಿಂದೂ ಅಥವಾ ಕ್ರೈಸ್ತ ಮನೆಗಳೂ ಮಕ್ಕಳಿಗೆ ತಮ್ಮ ಆಚರಣೆಗಳನ್ನು ಕಲಿಸುತ್ತವೆ. ಮುಸ್ಲಿಂ ಮನೆಯನ್ನು ಮಾತ್ರ ಕಟಕಟೆಗೆ ಎಳೆಯುವುದು ಅಪ್ಪಟ ಪೂರ್ವಗ್ರಹ. ಹೆಸರು ಕೇಳಿದೊಡನೆ ಬದಲಾಗುವ ಮುಖಗಳನ್ನು ಪರದೇಶದಲ್ಲಿ ಕಂಡವರು ಧರ್ಮವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುವುದೂ ಅರ್ಥವಾಗುವಂಥದೇ. ಆದರೆ ಆ ಗಾಯಕ್ಕೆ ಮಕ್ಕಳ ಮೌನ ಮದ್ದಾಗಲಾರದು.

ಜರ್ಮನಿಯಲ್ಲಿ 1921ರ ಕಾಯಿದೆಯೊಂದು ಇಂದಿಗೂ ಜಾರಿಯಲ್ಲಿದೆ. ಅದರಂತೆ 12 ತುಂಬಿದ ಮಗುವನ್ನು ಅದರ ಇಚ್ಛೆಗೆ ವಿರುದ್ಧವಾಗಿ ಬೇರೊಂದು ಮತದಲ್ಲಿ ಬೆಳೆಸುವಂತಿಲ್ಲ. 14 ತುಂಬಿದ ಮೇಲೆ ಮತದ ನಿರ್ಧಾರ ಮಗುವಿನದೇ. ಈ ನಿಯಮ ಎಲ್ಲ ಮತದವರಿಗೂ ಒಂದೇ.

ಇದೆಲ್ಲ ಪಶ್ಚಿಮದ ಹೇರಿಕೆ ಎನ್ನುವವರು ಕುರ್‌ಆನಿನ ಎರಡನೆಯ ಅಧ್ಯಾಯದ 256ನೆಯ ವಚನದ ಹಿನ್ನೆಲೆಯನ್ನು ನೆನೆಯಬೇಕು. ಧರ್ಮದ ವಿಷಯದಲ್ಲಿ ಬಲವಂತವನ್ನು ನಿರಾಕರಿಸುವ ಈ ವಚನವನ್ನು ಅನ್ಯಧರ್ಮೀಯರೆದುರು ಹೆಮ್ಮೆಯಿಂದ ಉಲ್ಲೇಖಿಸುವುದುಂಟು. ತಬರಿಯ ವ್ಯಾಖ್ಯಾನದಲ್ಲಿ ದಾಖಲಾಗಿರುವ ಪರಂಪರೆಯ ಪ್ರಕಾರ, ಅದು ಅವತರಿಸಿದ್ದು ಮದೀನಾದ ತಂದೆತಾಯಿಯರ ಸಂದರ್ಭದಲ್ಲಿ. ಅವರ ಕೆಲವು ಮಕ್ಕಳು ಬನೂ ನದೀರ್ ಯಹೂದಿಗಳ ನಡುವೆ ಬೆಳೆದಿದ್ದರು. ಆ ಬುಡಕಟ್ಟು ಊರು ತೊರೆಯಬೇಕಾದಾಗ, ಮಕ್ಕಳನ್ನು ಬಿಟ್ಟುಕೊಡಲು ಹೆತ್ತವರು ಒಪ್ಪಲಿಲ್ಲ. ಬಲವಂತ ಸಲ್ಲದೆಂಬ ಮಾತು ಮೊದಲು ಕೇಳಿಸಿದ್ದು ಅವರಿಗೇ.

ಶ್ರದ್ಧೆಯನ್ನು ಕಲಿಸಬಹುದು, ವಸೂಲಿ ಮಾಡಲಾಗದು. ಭಯದಿಂದ ಬಾಗಿದ ತಲೆ ಪ್ರಾರ್ಥನೆಯಲ್ಲಿದೆಯೆಂದು ಭ್ರಮಿಸುವ ಪೋಷಕರು ಮಗುವನ್ನೂ ಧರ್ಮವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಈ ವರ್ಷ ಉಪವಾಸ ಹಿಡಿಯುವುದಿಲ್ಲವೆಂದ 16ರ ಮಗನಿಗೂ ಇಫ್ತಾರಿನ ಹೊತ್ತಿಗೆ ಅದೇ ಜಾಗ, ಅದೇ ತಟ್ಟೆ, ಅದೇ ಅಕ್ಕರೆ ಸಿಗಬೇಕು. ಪ್ರಭುತ್ವದಿಂದ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೇಳುವವರು ಅದನ್ನು ಮೊದಲು ಕೊಡಬೇಕಾದದ್ದು ಆ ಊಟದ ಸಾಲಿನಲ್ಲಿ.