ಯೂನಿಯನ್ ಇಲ್ಲವೆಂದು ನಾವು ಸಂತೋಷಪಡಬೇಕೇ?



ನಮ್ಮವರು ನಾಲ್ಕು ಜನ ಸೇರಿದಲ್ಲಿ ಯೂನಿಯನ್ ವಿಷಯ ಬಂದರೆ ಒಂದೇ ಪಲ್ಲವಿ: "ಯೂನಿಯನ್ ಬಂತೆಂದರೆ ಧಂದೆ ಮುಗಿಯಿತು." ನಾನು ಘೋಟಿಯಲ್ಲಿ ಮುಂಬಯಿ-ನಾಸಿಕ್ ಹೆದ್ದಾರಿ ಬದಿ ಹೋಟೆಲ್ ನಡೆಸುವವನು. ಓದಿದ್ದು ಹತ್ತನೇ ತರಗತಿ, ಕಾನೂನು ಪಂಡಿತನಲ್ಲ. ಆದರೂ ಈ ಮಾತು ಅರ್ಧ ಮಾತ್ರ ಸರಿ ಎಂದು ನನ್ನ ಅಭಿಪ್ರಾಯ.

ಯೂನಿಯನ್ ಎಂಬುದು ನಮಗೆ ಹೊರಗಿನದ್ದಲ್ಲ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಇನ್ನೂ ಇಪ್ಪತ್ತು ತುಂಬುವ ಮೊದಲೇ ಅಲ್ಲಿಯ ಹೋಟೆಲ್ ಮತ್ತು ಬಸ್ಸಿನ ಕೆಲಸಗಾರರನ್ನು ಸಂಘಟಿಸಿದವರು. ಆಮೇಲೆ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು. ಆ ಕಾಲದ ಹೋಟೆಲ್ ಹುಡುಗನೂ ಮಧ್ಯರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಲ್ಲೇ ಮೇಜಿನ ಮೇಲೆ ಮಲಗಿ, ನಸುಕಿಗೆ ಭಟ್ಟಿ ಹೊತ್ತಿಸುತ್ತಿದ್ದ. ಅವನ ಕಷ್ಟ ಗೊತ್ತಿದ್ದವನೇ ಅವನ ಪರ ಮಾತಾಡುತ್ತಿದ್ದ.

1974ರ ಮೇ 8ರಿಂದ 27ರವರೆಗೆ ಅದೇ ಫೆರ್ನಾಂಡಿಸ್ ನಾಯಕತ್ವದಲ್ಲಿ ದೇಶದ ರೈಲ್ವೆ ಮುಷ್ಕರ ನಡೆಯಿತು. ನಮ್ಮ ನೆರೆಯ ಇಗತಪುರಿ ರೈಲ್ವೆಯಿಂದಲೇ ಬೆಳೆದ ಊರು. ಸಾವಿರಾರು ಜನ ಜೈಲಿಗೆ ಹೋದರು, ಎಷ್ಟೋ ಜನ ಕೆಲಸ ಕಳೆದುಕೊಂಡರು, ಬೇಡಿಕೆ ಈಡೇರದೆ ಮುಷ್ಕರ ನಿಂತಿತು. ಅಂದು ಸೋತರೂ ನಾಯಕರು ಕಾರ್ಮಿಕರ ಜೊತೆ ಜೈಲಿಗೆ ಹೋಗಿದ್ದರು, ಅದನ್ನು ಮರೆಯುವಂತಿಲ್ಲ.

ಇನ್ನೊಂದು ಮುಖವೂ ಇದೆ. 1982ರ ಜನವರಿ 18ರಂದು ಮುಂಬಯಿಯ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಡಾ. ದತ್ತಾ ಸಾಮಂತರ ಹಿಂದೆ ಹೋದರು. ಆದರೆ 1946ರ ಬಾಂಬೆ ಇಂಡಸ್ಟ್ರಿಯಲ್ ರಿಲೇಶನ್ಸ್ ಕಾನೂನಿನ ಪ್ರಕಾರ ಮಾತುಕತೆಯ ಹಕ್ಕು ಇದ್ದದ್ದು ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಮಾತ್ರ. ಜನ ಒಂದು ಕಡೆ, ಕಾಗದ ಇನ್ನೊಂದು ಕಡೆ. ಸರಕಾರ ಕಾಗದವನ್ನೇ ಹಿಡಿದು ಕೂತಿತು, ಸಾಮಂತರೂ ಹಿಂದೆ ಸರಿಯಲಿಲ್ಲ. ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ. ಲಾಲ್‌ಬಾಗ್-ಪರೇಲ್‌ನ ಗಿರಣಿಗಳ ಜಾಗದಲ್ಲಿ ಇಂದು ಮಾಲ್‌ಗಳು, ಟವರ್‌ಗಳು. ಗಿರಣಿಯವರನ್ನೇ ನಂಬಿದ್ದ ಚಹಾದ ಹೋಟೆಲುಗಳಿಗೂ ಪೆಟ್ಟು ಬಿತ್ತು. ಸದಸ್ಯನಿಗೆ ಬೇಡವಾದ ಯೂನಿಯನ್ ಕಾಗದದಲ್ಲಿ ಉಳಿದರೆ ಎಲ್ಲರಿಗೂ ನಷ್ಟ.

ಇಂದು ನಾಸಿಕ್ ಕಡೆ ಏನಿದೆ? ಸಾತಪುರ, ಅಂಬಡ, ಗೋಂದೆಯ ಕಾರ್ಖಾನೆಯವರು ನನ್ನ ಗಿರಾಕಿಗಳು. ಒಂದೇ ಗೇಟಿನಿಂದ ಇಬ್ಬರು ಬರುತ್ತಾರೆ. ಪರ್ಮನೆಂಟ್ ಆದವನಿಗೆ ಯೂನಿಯನ್ ಇದೆ, ಅಗ್ರಿಮೆಂಟ್ ಆದ ದಿನ ಸ್ನೇಹಿತರಿಗೆ ಊಟ ಹಾಕಿಸುತ್ತಾನೆ. ಕಾಂಟ್ರಾಕ್ಟ್ ಹುಡುಗ ಅದೇ ಮಶೀನಿನ ಮೇಲೆ ದುಡಿದು ವಡಾಪಾವ್ ತಿಂದು ಹೋಗುತ್ತಾನೆ. ಅವನ ಪರ ಕೇಳುವವರು ಕಡಿಮೆ. ಯೂನಿಯನ್ ಕಾರ್ಮಿಕರ ಸೇವೆ ಮಾಡುತ್ತಿದೆಯೇ ಎಂದರೆ, ಒಳಗಿದ್ದವರ ಸೇವೆ ಮಾಡುತ್ತಿದೆ, ಬಾಗಿಲ ಹೊರಗಿದ್ದವರನ್ನು ನೋಡುತ್ತಿಲ್ಲ ಎಂದೇ ನನ್ನ ಉತ್ತರ.

ಕೆಲವು ವರ್ಷಗಳ ಹಿಂದೆ ಒಬ್ಬ ನಾಯಕ ನನ್ನ ಹೋಟೆಲಿಗೂ ಬಂದಿದ್ದ. ಕೈಯಲ್ಲಿ ಬೇಡಿಕೆ ಪಟ್ಟಿ. ನನ್ನ ಹುಡುಗರಲ್ಲಿ ಒಬ್ಬನ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಸಂಜೆಗೆ "ಸೇಠ್, ಅಡ್ಜಸ್ಟ್ ಮಾಡೋಣ" ಎಂದ. ಇಂಥವರಿಂದಲೇ ಹೆಸರು ಕೆಟ್ಟದ್ದು.

ಹಾಗೆಂದು ನಾವು ಖುಷಿಪಡಬೇಕೇ? ಇಂದು ನಮ್ಮಲ್ಲಿ ದುಡಿಯುವವರು ಒರಿಸ್ಸಾ, ಬಂಗಾಳ, ನೇಪಾಳದವರು, ಕಪ್ಪು-ಬಶಿ ತೊಳೆಯಲು ಸುತ್ತಲಿನ ಪಾಡಾಗಳ ಹೆಂಗಸರು. ಅವರಿಗೆ ಯೂನಿಯನ್ ಇಲ್ಲ. ಬೇಸರವಾದರೆ ಹುಡುಗ ಜಗಳ ಮಾಡುವುದಿಲ್ಲ, ರಾತ್ರಿ ಇಗತಪುರಿಯಲ್ಲಿ ರೈಲು ಹತ್ತುತ್ತಾನೆ. ಹೇಳದೆ ಹೋಗುವುದೇ ಅವನ ಸ್ಟ್ರೈಕ್. ಮರುದಿನ ಬೆಳಿಗ್ಗೆ ದೋಸೆ ಹೊಯ್ಯುವವರಿಲ್ಲದೆ ನಾವು ಕಂಗಾಲು. ನೋಟಿಸ್ ಕೊಟ್ಟು ಕೇಳುವ ಯೂನಿಯನ್ ಇದಕ್ಕಿಂತ ವಾಸಿ ಅಲ್ಲವೇ?

2025ರ ಜೂನ್‌ನಲ್ಲಿ ಸಮೃದ್ಧಿ ಮಹಾಮಾರ್ಗ ಪೂರ್ತಿ ತೆರೆದ ಮೇಲೆ ದೂರದ ಗಾಡಿಗಳಿಗೆ ಘೋಟಿಯಲ್ಲಿ ನಿಲ್ಲುವ ಅಗತ್ಯವಿಲ್ಲ. ಗಲ್ಲಾ ಇಳಿದಾಗ ನಮ್ಮ ಕೈ ಮೊದಲು ಹೋಗುವುದು ಪಗಾರಕ್ಕೆ. ಅಲ್ಲಿ ತಡೆಯುವವರು ಯಾರೂ ಇಲ್ಲದಿದ್ದರೆ ನಾವೇ ತಡೆದುಕೊಳ್ಳಬೇಕು.

ನನ್ನ ಸೂಚನೆ ಇಷ್ಟೇ. ಹತ್ತು ಜನರ ಮೇಲಿದ್ದರೆ ಇಎಸ್‌ಐ ಮಾಡಿಸಿ. ಮಾಲಕನ ಪಾಲು ಪಗಾರದ ಶೇ. 3.25 ಮಾತ್ರ, ಎಣ್ಣೆ ಬಾಣಲೆ ಮಗುಚಿದ ದಿನ ಅದರ ಬೆಲೆ ತಿಳಿಯುತ್ತದೆ. ವಾರದ ರಜೆ ಕೊಡಿ, ಪಗಾರದ ದಿನ ತಪ್ಪಿಸಬೇಡಿ, ಲೆಕ್ಕ ಬರೆದು ಕೊಡಿ. ತಿಂಗಳಿಗೊಮ್ಮೆ ಹುಡುಗರೇ ಆರಿಸಿದ ಒಬ್ಬನನ್ನು ಕೂರಿಸಿ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ, ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವಲ್ಲಿ ಶೇ. 51 ಕಾರ್ಮಿಕರ ಬೆಂಬಲ ಇದ್ದವರಿಗೇ ಮಾತುಕತೆಯ ಪೂರ್ಣ ಹಕ್ಕು ಕೊಡುತ್ತದೆ. ಅಂದರೆ ಜನ ಯಾರ ಜೊತೆ ಎಂದು ಎಣಿಸಲೇಬೇಕು.

ಕೊನೆಗೊಂದು ಮಾತು. ಲೈಸನ್ಸ್ ಫೀ, ಗ್ಯಾಸ್ ದರ ಎಂದು ಮಂತ್ರಿಗಳ ಬಾಗಿಲಿಗೆ ಹೋಗುವ ನಮ್ಮ ಈ ಸಂಘವೂ ಒಂದು ಯೂನಿಯನ್ನೇ. ಎಂಟು ಮೇಜಿನ ಹೋಟೆಲಿನವನ ಕಷ್ಟ ನಮ್ಮ ಪದಾಧಿಕಾರಿಗಳಿಗೆ ಮುಟ್ಟುತ್ತಿದೆಯೇ ಎಂದು ನಾವು ಕೇಳುತ್ತೇವೆ. ಅದೇ ಪ್ರಶ್ನೆ ಕೇಳುವ ಹಕ್ಕು ನಮ್ಮ ಅಡುಗೆಮನೆಯಲ್ಲಿ ನಿಂತವನಿಗೂ ಇದೆ. ಸದಸ್ಯರು ಯೋಚಿಸಬೇಕಾಗಿ ವಿನಂತಿ.

– ಓರ್ವ ಹೋಟೆಲ್ ಮಾಲಕ, ಘೋಟಿ