ಮೂತ್ರಪಿಂಡಕ್ಕೆ ಹಿತ್ತಿಲ ದಾರಿ

ಜೀವಶಾಸ್ತ್ರದ ಪುಸ್ತಕದಲ್ಲಿ ಮೂತ್ರಪಿಂಡದ ಚಿತ್ರ ಬರೆದು ಭಾಗಗಳನ್ನು ಗುರುತಿಸದ ವಿದ್ಯಾರ್ಥಿ ಇರಲಾರ. ಅವರೆಕಾಳಿನ ಆಕಾರ, ಸುಮಾರು 11 ಸೆಂಟಿಮೀಟರ್ ಉದ್ದ, ಒಂದೊಂದರಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆ ಚಿತ್ರ ಹೇಳದ ಸಂಗತಿಯೊಂದಿದೆ. ಕರುಳು, ಜಠರಗಳನ್ನು ಸುತ್ತಿಕೊಂಡ ಪೆರಿಟೋನಿಯಂ ಎಂಬ ತೆಳುಪೊರೆಯ ಒಳಗೆ ಮೂತ್ರಪಿಂಡಗಳಿಲ್ಲ. ಅವು ಪೊರೆಯ ಹಿಂದೆ, ಕೊಬ್ಬಿನ ಮೆತ್ತೆಯಲ್ಲಿ, ಬೆನ್ನಿನ ಸ್ನಾಯುಗಳಿಗೆ ಆತುಕೊಂಡಿವೆ. ಹೊಟ್ಟೆಯನ್ನು ಮನೆಯೆಂದುಕೊಂಡರೆ ಕರುಳಿನ ವಾಸ ನಡುಮನೆಯಲ್ಲಿ, ಮೂತ್ರಪಿಂಡದ್ದು ಹಿತ್ತಿಲ ಕೋಣೆಯಲ್ಲಿ.

ಮೂತ್ರಪಿಂಡದಲ್ಲಿ ಗಡ್ಡೆಯೊಂದು ಬೆಳೆದಾಗ ಈ ವಿಳಾಸಕ್ಕೆ ಮಹತ್ವ ಬರುತ್ತದೆ. ಒಳಗೆ ಹೋಗುವುದು ಮುಂಬಾಗಿಲಿನಿಂದಲೋ, ಹಿಂಬಾಗಿಲಿನಿಂದಲೋ?

ಒಂದೇ ಮೂತ್ರಪಿಂಡದಿಂದ ಮನುಷ್ಯ ಬದುಕಬಲ್ಲ ಎಂಬುದನ್ನು 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಸೈಮನ್ ತೋರಿಸಿಕೊಟ್ಟರು. ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಬಳಿಕ ಮಹಿಳೆಯೊಬ್ಬರ ಮೂತ್ರಪಿಂಡವನ್ನು ಅವರು ತೆಗೆದರು, ಆಕೆ ಬದುಕಿಕೊಂಡರು. ಅದೇ ಊರಿನಲ್ಲಿ 1887ರಲ್ಲಿ ವಿನ್ಸೆಂಟ್ಸ್ ಚೆರ್ನಿ ಗಡ್ಡೆಯಿದ್ದ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಕಾಪಾಡಿದರು. ಆದರೂ ಮುಂದೆ ಬಹುಕಾಲ, ಕ್ಯಾನ್ಸರಿನ ಭಯದಿಂದ ಇಡೀ ಮೂತ್ರಪಿಂಡವನ್ನು ತೆಗೆಯುವುದೇ ರೂಢಿಯಾಯಿತು.

ಈ ರೂಢಿ ಬದಲಾದದ್ದಕ್ಕೆ ಕಾರಣಗಳು ಎರಡು. ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನ್‌ಗಳು ಬಂದ ಮೇಲೆ ಗಡ್ಡೆಗಳು ಚಿಕ್ಕದಿರುವಾಗಲೇ ಕಣ್ಣಿಗೆ ಬೀಳತೊಡಗಿದವು. ಒಂದು ಮೂತ್ರಪಿಂಡ ಹೋದವರಲ್ಲಿ ಉಳಿದದ್ದು ಮುಂದೊಂದು ದಿನ ಸೋಲುವ ಸಂಭವ ಹೆಚ್ಚೆಂಬುದೂ ತಿಳಿಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗಂತೂ ಉಳಿದ ಒಂದೊಂದು ತುಣುಕೂ ಬೆಲೆಯುಳ್ಳದ್ದು. ಹಾಗಾಗಿ 4 ಸೆಂಟಿಮೀಟರ್ ಒಳಗಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡುವುದಾದರೆ, ಸಾಧ್ಯವಿದ್ದಲ್ಲೆಲ್ಲ ಆ ಭಾಗವನ್ನಷ್ಟೇ ತೆಗೆಯುವುದು ಇಂದಿನ ಪದ್ಧತಿ.

ಹೇಳಿದಷ್ಟು ಸುಲಭದ ಕೆಲಸವಲ್ಲ ಇದು. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಮೂತ್ರಪಿಂಡಗಳಿಗೇ ಹೋಗುತ್ತದೆ. ಚಾಕು ತಗುಲಿದರೆ ರಕ್ತ ಚಿಮ್ಮುತ್ತದೆ. ಆದ್ದರಿಂದ ಸಾಮಾನ್ಯವಾಗಿ ಅದರ ಅಪಧಮನಿಗೆ ಕ್ಲ್ಯಾಂಪ್ ಹಾಕಿ ರಕ್ತ ನಿಲ್ಲಿಸುತ್ತಾರೆ. ಆ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ರಕ್ತವಿಲ್ಲದೆ ಮೂತ್ರಪಿಂಡ ಹೆಚ್ಚು ಹೊತ್ತು ತಾಳದು. 25-30 ನಿಮಿಷ ಮೀರದಂತೆ ಗಡ್ಡೆ ಕತ್ತರಿಸಿ, ಹೊಲಿಗೆ ಹಾಕಿ, ಕ್ಲ್ಯಾಂಪ್ ಬಿಚ್ಚಲು ವೈದ್ಯರು ಶ್ರಮಿಸುತ್ತಾರೆ. ಅದೂ ಸಣ್ಣ ರಂಧ್ರಗಳ ಮೂಲಕ, ಪರದೆಯ ಮೇಲಿನ ಚಿತ್ರ ನೋಡುತ್ತ!

ಮುಂಬಾಗಿಲಿನ ದಾರಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಳ್ಳುತ್ತಾರೆ. ಜಾಗ ವಿಶಾಲ. ಯಕೃತ್ತು, ಗುಲ್ಮದಂಥ ಗುರುತುಗಳು ಕಾಣುವುದರಿಂದ ದಾರಿ ತಪ್ಪುವ ಭಯ ಕಡಿಮೆ. ಆದರೆ ಕರುಳನ್ನು ಸರಿಸಬೇಕು. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ ಒಳಗೆ ಅಂಟಿಕೊಂಡದ್ದನ್ನೆಲ್ಲ ಬಿಡಿಸಬೇಕು. ಗಡ್ಡೆ ಹಿಂಬದಿಯಲ್ಲಿದ್ದರೆ ಮೂತ್ರಪಿಂಡವನ್ನೇ ಹೊರಳಿಸಬೇಕು.

ಹಿತ್ತಿಲ ದಾರಿಯಲ್ಲಿ ಪಕ್ಕೆಲುಬಿನ ಕೆಳಗಿನಿಂದ ನೇರ ಪ್ರವೇಶ. ಕರುಳಿನ ಗೊಡವೆಯಿಲ್ಲ, ಅಪಧಮನಿ ಬೇಗ ಕೈಗೆ ಸಿಗುತ್ತದೆ. ಕೊರತೆಯೆಂದರೆ ಜಾಗ ಇಕ್ಕಟ್ಟು. ಸುತ್ತಲೂ ಕೊಬ್ಬು, ಗುರುತುಗಳು ಕಡಿಮೆ.

ಈ ಇಕ್ಕಟ್ಟನ್ನು ಬಿಡಿಸಿದವರು ಭಾರತೀಯರೊಬ್ಬರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಲ್ಫ್ ಕ್ಲೇಮನ್ 1990ರಲ್ಲಿ ಲ್ಯಾಪರೋಸ್ಕೋಪ್ ಮೂಲಕ ಇಡೀ ಮೂತ್ರಪಿಂಡವನ್ನು ತೆಗೆದದ್ದು ಮುಂದಿನ ದಾರಿಯಿಂದ. ಹಿಂದಿನಿಂದ ಹೋಗಲು ಯತ್ನಿಸಿದವರಿಗೆ ಕೊಬ್ಬು ಅಡ್ಡವಾಗುತ್ತಿತ್ತು. 1992ರಲ್ಲಿ ಮುಂಬಯಿಯ ಡಾ. ಡಿ. ಡಿ. ಗೌರ್ ಒಂದು ಉಪಾಯ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯ ರಬ್ಬರ್ ಕೈಗವುಸನ್ನು ತೆಳು ಕೊಳವೆಗೆ ಕಟ್ಟಿ, ಬೆನ್ನಿನ ಕಡೆಯಿಂದ ಒಳಗಿಳಿಸಿ, ರಕ್ತದೊತ್ತಡ ಅಳೆಯುವ ಉಪಕರಣದ ಪಂಪಿನಿಂದ ಬಲೂನಿನಂತೆ ಊದಿಸುವುದು! ಬಲೂನು ಉಬ್ಬಿದಂತೆ ಕೊಬ್ಬು ಸರಿದು ಕೋಣೆಯೇ ತೆರೆದುಕೊಳ್ಳುತ್ತಿತ್ತು. 1993ರಲ್ಲಿ ಮುಂದಿನ ದಾರಿಯ, 1994ರಲ್ಲಿ ಹಿಂದಿನ ದಾರಿಯ ಭಾಗಶಃ ಶಸ್ತ್ರಚಿಕಿತ್ಸೆಗಳ ವರದಿಗಳು ಬಂದವು.

ರೋಬಾಟ್ ಬಂದದ್ದು ಆಮೇಲೆ. ಅದರಿಂದ ನಡೆದ ಭಾಗಶಃ ಶಸ್ತ್ರಚಿಕಿತ್ಸೆಗಳ ಮೊದಲ ವರದಿ 2004ರದು. ಅದು ತಾನಾಗಿ ಕತ್ತರಿಸುವುದಿಲ್ಲ. ವೈದ್ಯರ ಕೈಚಲನೆಯನ್ನೇ ಒಳಗಿನ ಸಾಧನಗಳಿಗೆ ದಾಟಿಸುತ್ತದೆ. ಆ ಸಾಧನಗಳು ಮಣಿಕಟ್ಟಿನಂತೆ ತಿರುಗುವುದರಿಂದ ಹೊಲಿಗೆ ಸಲೀಸು. ಖರ್ಚು ಮಾತ್ರ ಹೆಚ್ಚು. ರೋಬಾಟ್ ಬಂದರೂ ದಾರಿಯ ಪ್ರಶ್ನೆ ತಪ್ಪಲಿಲ್ಲ. ಅದೂ ಇವೆರಡರಲ್ಲಿ ಒಂದು ಬಾಗಿಲಿನಿಂದಲೇ ಹೋಗಬೇಕು.

ಹಾಗಾದರೆ ಯಾವುದು ಮೇಲು? ಎರಡನ್ನೂ ಹೋಲಿಸಿದ ಹಲವು ಅಧ್ಯಯನಗಳಲ್ಲಿ ಕ್ಯಾನ್ಸರ್ ನಿವಾರಣೆಯಲ್ಲಾಗಲಿ ತೊಡಕುಗಳಲ್ಲಾಗಲಿ ಹೆಚ್ಚಿನ ಅಂತರ ಕಂಡಿಲ್ಲ. ಹಿತ್ತಿಲ ದಾರಿಯಲ್ಲಿ ಹೊತ್ತು ತುಸು ಉಳಿದದ್ದುಂಟು. ಗಡ್ಡೆ ಮುಂಬದಿಯಲ್ಲಿದ್ದರೆ ಮುಂಬಾಗಿಲು, ಹಿಂಬದಿಯಲ್ಲಿದ್ದರೆ ಅಥವಾ ಹೊಟ್ಟೆಯ ಆಪರೇಷನ್ ಹಿಂದೆ ಆಗಿದ್ದರೆ ಹಿತ್ತಿಲು ಎಂಬುದು ಸಾಮಾನ್ಯ ಲೆಕ್ಕ. ಆದರೆ ವೈದ್ಯರ ಕೈ ಯಾವ ದಾರಿಯಲ್ಲಿ ಪಳಗಿದೆ ಎಂಬುದು ಈ ಲೆಕ್ಕವನ್ನೂ ಬದಲಿಸಬಲ್ಲದು.

ಮನೆಯಲ್ಲಿ ಯಾರಿಗಾದರೂ ಇಂಥ ಪ್ರಸಂಗ ಬಂದರೆ, ರೋಬಾಟ್ ಇದೆಯೇ ಎಂದು ವಿಚಾರಿಸುವ ಮೊದಲು ಕೇಳಬೇಕಾದ ಮಾತುಗಳು ಬೇರೆ ಇವೆ. ಗಡ್ಡೆ ಎಲ್ಲಿದೆ? ಮೂತ್ರಪಿಂಡ ಎಷ್ಟು ಉಳಿದೀತು? ವೈದ್ಯರು ಹೆಚ್ಚಾಗಿ ಯಾವ ದಾರಿಯಲ್ಲಿ ಮಾಡುತ್ತಾರೆ, ಏಕೆ? ಶಾಲೆಯಲ್ಲಿ ಬರೆದ ಚಿತ್ರ ನೆನಪಿದ್ದರೆ ಉತ್ತರಗಳು ಅರ್ಥವಾಗದೆ ಇರುವುದಿಲ್ಲ.