ಹಿರಿಯ ಅಳತೆಯ ಫಿಲ್ಮು ಇನ್ನೂ ಬೇಕೆ?

2023ರಲ್ಲಿ ತೆರೆಕಂಡ ‘ಆಪನ್‌ಹೈಮರ್’ ಎಂಬ ಚಲಚ್ಚಿತ್ರವನ್ನು ನಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ಪರಮಾಣು ಬಾಂಬಿನ ನಿರ್ಮಾಣಕಾರ್ಯವನ್ನು ಮುನ್ನಡೆಸಿದ ವಿಜ್ಞಾನಿಯೊಬ್ಬನ ಕಥೆ ಅದು. ಕಥೆಯ ಮಾತು ಹಾಗಿರಲಿ. ಅದನ್ನು ಚಿತ್ರಿಸಿದ ಬಗೆಯೂ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸತಕ್ಕದ್ದಾಗಿದೆ. ಲೋಕದ ಬಹುಪಾಲು ಚಿತ್ರಗಳನ್ನು ಡಿಜಿಟಲ್ ಕ್ಯಾಮೆರಾಗಳಿಂದಲೇ ತೆಗೆಯುತ್ತಿರುವ ಈ ಕಾಲದಲ್ಲಿ, ಇದನ್ನು 65 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ತೆಗೆದರು. ಐಮ್ಯಾಕ್ಸ್ ಪ್ರದರ್ಶನಕ್ಕೆಂದು ಸಿದ್ಧಪಡಿಸಿದ ಒಂದೊಂದು ಫಿಲ್ಮ್ ಪ್ರತಿಯ ಉದ್ದ ಸುಮಾರು 18 ಕಿಲೋಮೀಟರ್. ತೂಕ ಸುಮಾರು 270 ಕಿಲೋಗ್ರಾಂ. ಬಿಡುಗಡೆಯ ಕಾಲದಲ್ಲಿ ಇಂಥ ಪ್ರತಿಯನ್ನು ತೋರಿಸಿದ್ದು ಇಡೀ ಪ್ರಪಂಚದಲ್ಲಿ 30 ಚಿತ್ರಮಂದಿರಗಳು. ಅವುಗಳಲ್ಲಿ ಒಂದೂ ಭಾರತದಲ್ಲಿರಲಿಲ್ಲ. ನಮ್ಮ ನಾಡಿನವರು ಇಲ್ಲಿ ನೋಡಿದ್ದೆಲ್ಲವೂ ಡಿಜಿಟಲ್ ಪ್ರತಿಯೇ.

ಹಾಗಾದರೆ ಇಷ್ಟೊಂದು ಶ್ರಮ, ಇಷ್ಟೊಂದು ವೆಚ್ಚ ಯಾರಿಗಾಗಿ? ಇದು ಹಣವಂತ ನಿರ್ದೇಶಕರ ಹುಚ್ಚು ಎನ್ನುವವರುಂಟು. ಫಿಲ್ಮಿನಲ್ಲಿ ತೆಗೆದದ್ದೇ ಕಲೆ, ಉಳಿದುದೆಲ್ಲ ಕೃತಕ ಎನ್ನುವವರೂ ಉಂಟು. ಈ ಎರಡು ಮಾತುಗಳೂ ನಮಗೆ ಒಪ್ಪಿಗೆಯಾಗುವುದಿಲ್ಲ. ಹಿರಿಯ ಅಳತೆಯ ಫಿಲ್ಮಿನ ನಿಜವಾದ ಪ್ರಯೋಜನ ಇಂದಿನ ಪ್ರೇಕ್ಷಕನಿಗಿಂತ ಹೆಚ್ಚಾಗಿ ಐವತ್ತು ವರ್ಷಗಳ ಅನಂತರದ ಪ್ರೇಕ್ಷಕನಿಗೆ ಎಂಬುದು ನಮ್ಮ ಅಭಿಮತ. ಅದನ್ನು ಸಮರ್ಥಿಸುವ ಮುನ್ನ ಫಿಲ್ಮಿನ ಅಳತೆ ಎಂದರೇನು, ಅದು ಹಿರಿದಾದುದರಿಂದ ಆಗುವುದೇನು ಎಂಬುದನ್ನು ತಿಳಿಯುವುದು ಒಳ್ಳೆಯದು.

ಫಿಲ್ಮಿನ ಮೇಲ್ಮೈಯಲ್ಲಿ ಜೆಲಟಿನ್ನಿನ ತೆಳುವಾದ ಲೇಪವಿರುತ್ತದೆ. ಅದರಲ್ಲಿ ಬೆಳ್ಳಿಯ ಲವಣಗಳ ಅತಿಸೂಕ್ಷ್ಮ ಹರಳುಗಳು ಹುದುಗಿರುತ್ತವೆ. ಮಸೂರದ ಮೂಲಕ ಬಂದ ಬೆಳಕು ತಾಕಿದಾಗ ಈ ಹರಳುಗಳಲ್ಲಿ ಕಣ್ಣಿಗೆ ಕಾಣದ ಮಾರ್ಪಾಡೊಂದು ಉಂಟಾಗುತ್ತದೆ. ತಕ್ಕ ರಾಸಾಯನಿಕ ದ್ರವದಲ್ಲಿ ಅದ್ದಿದೊಡನೆ ಅಂಥ ಹರಳುಗಳು ಲೋಹರೂಪದ ಬೆಳ್ಳಿಯ ಕಣಗಳಾಗುತ್ತವೆ. ಕಪ್ಪುಬಿಳುಪಿನ ಚಿತ್ರವೆಂದರೆ ಈ ಕಣಗಳ ಸಮೂಹವೇ. ವರ್ಣಫಿಲ್ಮಿನಲ್ಲಾದರೋ ಕಣವಿದ್ದೆಡೆಯಲ್ಲಿ ಬಣ್ಣದ ಸೂಕ್ಷ್ಮವಾದ ಬೊಟ್ಟು ಮೂಡುತ್ತದೆ. ಬೆಳ್ಳಿಯನ್ನು ತೊಳೆದು ತೆಗೆದುಬಿಡುತ್ತಾರೆ. ಒಂದೇ ಜಾತಿಯ ಫಿಲ್ಮಾದರೆ, ಪಟ್ಟಿ ಕಿರಿದಾಗಿರಲಿ ಹಿರಿದಾಗಿರಲಿ, ಕಣದ ಗಾತ್ರ ಬದಲಾಗದು. ರಂಗೋಲಿ ಹಾಕುವವರ ಕೈಯಿಂದ ಬೀಳುವ ಪುಡಿಯ ಎಳೆ ಎಲ್ಲೆಡೆಯೂ ಒಂದೇ ದಪ್ಪವಿರುತ್ತದೆ. ಗೇಣಗಲದ ಜಾಗದಲ್ಲಿ ನವಿಲೊಂದನ್ನು ಬಿಡಿಸಿದರೆ ಅದರ ಕಣ್ಣು ಒಂದು ಬೊಟ್ಟು ಮಾತ್ರ. ಅಂಗಳದ ತುಂಬ ಬಿಡಿಸಿದರೆ ಗರಿಗರಿಯೂ ಬೇರೆಯಾಗಿ ತೋರುತ್ತದೆ. ಹಿರಿಯ ಫಿಲ್ಮಿನ ಗುಟ್ಟು ಇಷ್ಟೇ.

ಅಳತೆಗಳನ್ನು ನೋಡೋಣ. ಎಡಿಸನ್ನನ ಪ್ರಯೋಗಾಲಯದಲ್ಲಿ 1890ರ ದಶಕದ ಆರಂಭದಲ್ಲಿ ರೂಢಿಗೆ ಬಂದ 35 ಮಿ.ಮೀ. ಫಿಲ್ಮಿನಲ್ಲಿ ಒಂದು ಚಿತ್ರದ ಚೌಕಟ್ಟು ಸುಮಾರು 22 ಮಿ.ಮೀ. ಅಗಲ, 16 ಮಿ.ಮೀ. ಎತ್ತರ ಇರುತ್ತದೆ. 65 ಮಿ.ಮೀ. ಫಿಲ್ಮು ಮೇಲಿನಿಂದ ಕೆಳಕ್ಕೆ ಹರಿಯುವ ಕ್ಯಾಮೆರಾದಲ್ಲಿ ಚೌಕಟ್ಟಿನ ಅಗಲ 52 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಎತ್ತರ ಸುಮಾರು 23 ಮಿ.ಮೀ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ಇದೇ ಫಿಲ್ಮು ಅಡ್ಡಲಾಗಿ ಹರಿಯುತ್ತದೆ. ಆದುದರಿಂದ ಪಟ್ಟಿಯ ಅಗಲವು ಚಿತ್ರದ ಎತ್ತರವಾಗಿ, ಚಿತ್ರದ ಅಗಲವನ್ನು ಪಟ್ಟಿಯ ಉದ್ದದಲ್ಲಿ ಬೇಕಾದಷ್ಟು ಚಾಚಲು ಎಡೆಯಾಗುತ್ತದೆ. ಅಂಚಿನ ಹದಿನೈದು ರಂಧ್ರಗಳಷ್ಟು ಉದ್ದವನ್ನು ಒಂದು ಚೌಕಟ್ಟು ಆಕ್ರಮಿಸುತ್ತದೆ. ತೆರೆಯ ಮೇಲೆ ಬೀಳುವ ಭಾಗ ಸುಮಾರು 70 ಮಿ.ಮೀ. ಅಗಲ, 48 ಮಿ.ಮೀ. ಎತ್ತರ. ಸಾಮಾನ್ಯ 35 ಮಿ.ಮೀ. ಚೌಕಟ್ಟಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಒಂಬತ್ತು ಪಟ್ಟಿಗೂ ಮಿಗಿಲು.

ಈಗ 22 ಮೀಟರ್ ಅಗಲದ ತೆರೆಯೊಂದನ್ನು ಊಹಿಸಿಕೊಳ್ಳಿ. 35 ಮಿ.ಮೀ. ಫಿಲ್ಮಿನ ಚೌಕಟ್ಟು ಅದನ್ನು ತುಂಬಬೇಕಾದರೆ ಉದ್ದಗಲಗಳಲ್ಲಿ ಸಾವಿರ ಪಟ್ಟು ಹಿಗ್ಗಬೇಕು. ಐಮ್ಯಾಕ್ಸ್ ಚೌಕಟ್ಟು ಸುಮಾರು 315 ಪಟ್ಟು ಹಿಗ್ಗಿದರೆ ಸಾಕು. ಚಿತ್ರದೊಡನೆ ಕಣವೂ ಅಷ್ಟೇ ಹಿಗ್ಗುತ್ತದೆಂಬುದನ್ನು ಮರೆಯಬಾರದು. ಮೊದಲನೆಯದರಲ್ಲಿ ಕಣಗಳು ಮುತ್ತಿದಂತೆ ಕಾಣುವ ಆಕಾಶವು ಎರಡನೆಯದರಲ್ಲಿ ನಿರ್ಮಲವಾಗಿ ತೋರುವುದು ಈ ಕಾರಣದಿಂದ.

ಈ ಲಾಭ ಪುಕ್ಕಟೆಯಾಗಿ ದೊರೆಯುವುದಿಲ್ಲ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ಫಿಲ್ಮು ಸೆಕೆಂಡಿಗೆ ಸುಮಾರು 1.7 ಮೀಟರ್ ಓಡುತ್ತದೆ. ಸಾವಿರ ಅಡಿಯ ಸುರುಳಿ ಮೂರೇ ನಿಮಿಷಗಳಲ್ಲಿ ಮುಗಿಯುತ್ತದೆ, 35 ಮಿ.ಮೀ. ಕ್ಯಾಮೆರಾದಲ್ಲಿ ಅಷ್ಟೇ ಉದ್ದದ ಸುರುಳಿ ಹನ್ನೊಂದು ನಿಮಿಷ ಬರುತ್ತದೆ. ಈ ಓಟವೂ ಒಂದೇ ಸಮನಾದುದಲ್ಲ. ಸೆಕೆಂಡಿಗೆ 24 ಬಾರಿ ಫಿಲ್ಮನ್ನು ಎಳೆಯಬೇಕು, ಅಲುಗದಂತೆ ಹಿಡಿದು ನಿಲ್ಲಿಸಬೇಕು, ಮತ್ತೆ ಎಳೆಯಬೇಕು. ಇದರಿಂದ ಏಳುವ ಸದ್ದಿನಲ್ಲಿ ನಟರ ಮಾತು ಮುಳುಗಿಹೋಗುತ್ತದೆ. ‘ಆಪನ್‌ಹೈಮರ್’ ಚಿತ್ರದಲ್ಲಿ ಸಂಭಾಷಣೆಯ ಹಲವು ದೃಶ್ಯಗಳಿಗೆ ಇದಕ್ಕಿಂತ ಮೆಲ್ಲನೆಯ ಸದ್ದಿನ ಬೇರೊಂದು 65 ಮಿ.ಮೀ. ಕ್ಯಾಮೆರಾವನ್ನು ಬಳಸಿದುದು ಇದಕ್ಕಾಗಿಯೇ. ಕಪ್ಪುಬಿಳುಪಿನ ದೃಶ್ಯಗಳಿಗೆ ಬೇಕಾದ 65 ಮಿ.ಮೀ. ಫಿಲ್ಮಂತೂ ಅದುವರೆಗೆ ಇರಲೇ ಇಲ್ಲ; ಕೊಡಕ್ ಸಂಸ್ಥೆಯು ಈ ಚಿತ್ರಕ್ಕಾಗಿ ಅದನ್ನು ಹೊಸದಾಗಿ ತಯಾರಿಸಬೇಕಾಯಿತು.

ದೃಗ್ವಿಜ್ಞಾನವೂ ತನ್ನ ಸುಂಕವನ್ನು ವಸೂಲು ಮಾಡುತ್ತದೆ. ದೃಶ್ಯದ ವಿಸ್ತಾರ ಮೊದಲಿನಷ್ಟೇ ಇರಬೇಕಾದರೆ, ಚೌಕಟ್ಟು ಮೂರು ಪಟ್ಟು ಅಗಲವಾದಾಗ ಮಸೂರದ ನಾಭಿದೂರವೂ ಮೂರು ಪಟ್ಟಾಗಬೇಕು. ನಾಭಿದೂರ ಹೆಚ್ಚಿದಂತೆ, ಅದಕ್ಕೆ ತಕ್ಕಷ್ಟು ಬೆಳಕನ್ನು ಒಳಬಿಡಲು ಮಸೂರದ ಕಂಡಿಯೂ ಅಗಲವಾಗಬೇಕು. ಆಗ ಸ್ಪಷ್ಟವಾಗಿ ಮೂಡುವ ವಲಯದ ಆಳ ಕಡಿಮೆಯಾಗುತ್ತದೆ. ನಟನ ಕಣ್ಣು ಸ್ಪಷ್ಟವಾಗಿದ್ದು ಕಿವಿ ಮಸುಕಾಗುವುದುಂಟು. ನಟನು ಒಂದು ಗೇಣು ಮುಂದಕ್ಕೆ ಬಾಗಿದರೂ ಮಸೂರವನ್ನು ಹೊಂದಿಸುವ ಸಹಾಯಕನ ಕೈ ಅವನೊಡನೆಯೇ ಚಲಿಸಬೇಕು.

ಇಷ್ಟು ತೊಡಕಿದ್ದುದರಿಂದಲೇ ಹಿರಿಯ ಫಿಲ್ಮಿನ ಇತಿಹಾಸ ಏರಿಳಿತಗಳಿಂದ ಕೂಡಿದೆ. 1950ರ ದಶಕದಲ್ಲಿ ಅಮೆರಿಕದ ಪ್ರೇಕ್ಷಕರು ಟೆಲಿವಿಷನ್ನಿನ ಮುಂದೆ ಕುಳಿತಾಗ, ಅವರನ್ನು ಮತ್ತೆ ಚಿತ್ರಮಂದಿರಕ್ಕೆ ಸೆಳೆಯಲು ನಿರ್ಮಾಪಕರು ಇದರ ಮೊರೆಹೊಕ್ಕರು. 35 ಮಿ.ಮೀ. ಫಿಲ್ಮನ್ನೇ ಅಡ್ಡಲಾಗಿ ಓಡಿಸುವ ವಿಸ್ಟಾವಿಷನ್ 1954ರಲ್ಲಿಯೂ, 65 ಮಿ.ಮೀ. ಫಿಲ್ಮಿನ ಟಾಡ್-ಎಒ 1955ರಲ್ಲಿಯೂ ಬಂದವು. ವೆಚ್ಚ ಭಾರವಾದುದರಿಂದ ಇವು ಕ್ರಮೇಣ ಹಿಂದೆ ಸರಿದವು. 1970ರ ಒಸಾಕಾ ವಸ್ತುಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಐಮ್ಯಾಕ್ಸ್ ಬಹುಕಾಲ ಸಾಕ್ಷ್ಯಚಿತ್ರಗಳಿಗೆ ಮೀಸಲಾಗಿತ್ತು. 2008ರ ‘ದಿ ಡಾರ್ಕ್ ನೈಟ್’ ಚಿತ್ರದ ಕೆಲವು ಭಾಗಗಳಲ್ಲಿ ಅದನ್ನು ಬಳಸಿದಂದಿನಿಂದ ಕಥಾಚಿತ್ರಗಳಲ್ಲಿಯೂ ಅದಕ್ಕೆ ಸ್ಥಾನ ದೊರೆಯಿತು. 2024ರ ‘ದಿ ಬ್ರೂಟಲಿಸ್ಟ್’ ಚಿತ್ರವನ್ನು ಹಳೆಯ ವಿಸ್ಟಾವಿಷನ್ ಪದ್ಧತಿಯಲ್ಲಿಯೂ, 2025ರ ‘ಸಿನರ್ಸ್’ ಚಿತ್ರವನ್ನು 65 ಮಿ.ಮೀ. ಫಿಲ್ಮಿನಲ್ಲಿಯೂ ತೆಗೆದಿದ್ದಾರೆ.

ಇಲ್ಲಿ ವಿಚಾರವಂತನಾದ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಬಹುದು. ಹಿರಿದಾದ ಚೌಕಟ್ಟೇ ಗುಣಕ್ಕೆ ಕಾರಣವಾದರೆ, ಡಿಜಿಟಲ್ ಕ್ಯಾಮೆರಾದಲ್ಲಿಯೂ ಹಿರಿಯ ಸಂವೇದಕವನ್ನು ಇಟ್ಟರಾಗದೆ? ಖಂಡಿತ ಆಗುತ್ತದೆ. 2014ರಲ್ಲಿ ಬಂದ ಅಲೆಕ್ಸಾ 65 ಎಂಬ ಕ್ಯಾಮೆರಾದ ಸಂವೇದಕವು ಸುಮಾರು 54 ಮಿ.ಮೀ. ಅಗಲ, 26 ಮಿ.ಮೀ. ಎತ್ತರವಿದೆ, ಕೆಳಮುಖವಾಗಿ ಓಡುವ 65 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಅದು ಕಿರಿದೇನೂ ಅಲ್ಲ. ಅದರಿಂದ ಸೊಗಸಾದ ಚಿತ್ರಗಳು ಬಂದಿವೆ. ಸದ್ದಿಲ್ಲ, ಮೂರು ನಿಮಿಷದ ಮಿತಿಯಿಲ್ಲ, ತೆಗೆದುದನ್ನು ಅಲ್ಲಿಯೇ ನೋಡಬಹುದು. ಇಂದಿನ ತೆರೆಯ ಮೇಲಿನ ಅಂದವೊಂದನ್ನೇ ಲೆಕ್ಕಿಸಿದರೆ ಫಿಲ್ಮೇ ಬೇಕೆಂದು ಹಟಹಿಡಿಯಲು ಬಲವಾದ ಕಾರಣವಿಲ್ಲವೆಂದು ನಾವು ಒಪ್ಪುತ್ತೇವೆ. ಪ್ರಶ್ನೆಯಿರುವುದು ನಾಳೆಯ ವಿಷಯದಲ್ಲಿ.

1969ರ ಜುಲೈ ತಿಂಗಳಲ್ಲಿ ಅಪೋಲೋ 11 ಚಂದ್ರನತ್ತ ಹೊರಟಾಗ, ಉಡ್ಡಯನದ ಸಿದ್ಧತೆಯನ್ನೂ ನೆರೆದ ಜನರನ್ನೂ ಹಿರಿಯ ಅಳತೆಯ ಫಿಲ್ಮಿನಲ್ಲಿ ಚಿತ್ರಿಸಿದ್ದರು. ಆ ಸುರುಳಿಗಳಲ್ಲಿ ಬಹುಭಾಗವನ್ನು ಹೊರಗಿನವರು ಕಂಡಿರಲಿಲ್ಲ. ಅವು ಅಮೆರಿಕದ ರಾಷ್ಟ್ರೀಯ ದಾಖಲೆಗಳ ಸಂಗ್ರಹಾಲಯದಲ್ಲಿ ದಶಕಗಳ ಕಾಲ ಉಳಿದಿದ್ದವು. 2017ರಲ್ಲಿ ಅವನ್ನು ಹೊರತೆಗೆದು, ಅದಕ್ಕೆಂದೇ ನಿರ್ಮಿಸಿದ ಯಂತ್ರದಿಂದ ಡಿಜಿಟಲ್ ರೂಪಕ್ಕೆ ಇಳಿಸಿದರು. ಅವುಗಳಿಂದ ರೂಪುಗೊಂಡ ‘ಅಪೋಲೋ 11’ ಸಾಕ್ಷ್ಯಚಿತ್ರ 2019ರಲ್ಲಿ ಬಂದಾಗ ನೋಡಿದವರು ಬೆರಗಾದರು. ಐವತ್ತು ವರ್ಷಗಳ ಹಿಂದಿನ ಜನಸಂದಣಿಯಲ್ಲಿ ಒಬ್ಬೊಬ್ಬರ ಮುಖಭಾವವೂ ನಿನ್ನೆ ತೆಗೆದಂತೆ ಕಾಣುತ್ತಿತ್ತು. ಅಂದಿನ ಛಾಯಾಗ್ರಾಹಕರು ಕಂಪ್ಯೂಟರಿನ ಸ್ಕ್ಯಾನಿಂಗನ್ನು ಕನಸಿನಲ್ಲಿಯೂ ನೆನೆದವರಲ್ಲ. ಅವರು ಮಾಡಿದ್ದು ಇಷ್ಟೇ: ತಮ್ಮ ಕಾಲಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ವಿವರವನ್ನು ಕಣ್ಣಿಗೆ ಕಾಣುವ ರೂಪದಲ್ಲಿ ಇಟ್ಟುಹೋದರು.

ಅದೇ ಯಾತ್ರೆಯ ಇನ್ನೊಂದು ದಾಖಲೆಯ ಗತಿಯನ್ನು ಕೇಳಿ. ಚಂದ್ರನ ನೆಲದಿಂದ ಬಂದ ಟೆಲಿವಿಷನ್ ಸಂಜ್ಞೆಯ ಮೂಲರೂಪವನ್ನು ಭೂಮಿಯ ನಿಲ್ದಾಣಗಳಲ್ಲಿ ಮ್ಯಾಗ್ನೆಟಿಕ್ ಟೇಪಿನ ಮೇಲೆ ದಾಖಲಿಸಿದ್ದರು. ಮನೆಮನೆಗಳಲ್ಲಿ ಜನ ನೋಡಿದ್ದು ಅದನ್ನು ಸಾಮಾನ್ಯ ಪ್ರಸಾರಕ್ಕೆ ಪರಿವರ್ತಿಸಿದ, ಗುಣ ಕುಂದಿದ ಚಿತ್ರ. ಮೂಲ ಟೇಪುಗಳಿಂದ ಉತ್ತಮವಾದ ಚಿತ್ರವನ್ನು ಪಡೆಯಬಹುದೆಂದು ಹುಡುಕಿದಾಗ ಅವು ದೊರೆಯಲಿಲ್ಲ. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿರಬೇಕೆಂದು 2009ರಲ್ಲಿ ನಾಸಾ ತಿಳಿಸಿತು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಟೇಪಿನ ಅಭಾವವಿತ್ತು, ಅಳಿಸಿ ಮತ್ತೆ ಬರೆಯುವುದು ಸುಲಭವಾಗಿತ್ತು. ಸುಲಭವಾಗಿ ಅಳಿಸಬಹುದಾದುದು ಎಂದಾದರೊಂದು ದಿನ ಅಳಿದೇ ಹೋಗುವ ಅಪಾಯವಿದೆ.

ಫಿಲ್ಮು ಅಮರವೆಂದು ಇದರ ಅರ್ಥವಲ್ಲ. ಸೆಕೆ ಮತ್ತು ತೇವಗಳಿದ್ದಲ್ಲಿ ಅದು ಕೊಳೆಯುತ್ತದೆ, ಬಣ್ಣಗಳು ಮಾಸುತ್ತವೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ಬಿಡುಗಡೆಯಾದ ‘ಶೋಲೆ’ಯನ್ನೇ ನೋಡಿ. ಅದನ್ನು 70 ಮಿ.ಮೀ. ಚಿತ್ರವೆಂದು ಜನ ಮೆಚ್ಚಿದರು. ವಾಸ್ತವವಾಗಿ ಕ್ಯಾಮೆರಾದೊಳಗೆ ಇದ್ದುದು 35 ಮಿ.ಮೀ. ಫಿಲ್ಮು; ಪ್ರದರ್ಶನದ ಪ್ರತಿಯನ್ನು ಮಾತ್ರ ಹಿಗ್ಗಿಸಿ ಮಾಡಿದ್ದರು. ಅದರಿಂದ ವಿಶಾಲವಾದ ತೆರೆಯೂ ಉತ್ತಮವಾದ ಧ್ವನಿಯೂ ದೊರೆತದ್ದು ನಿಜ. ಆದರೆ ಮೂಲದಲ್ಲಿಲ್ಲದ ವಿವರವನ್ನು ಹಿಗ್ಗಿಸುವಿಕೆ ತಂದುಕೊಡಲಾರದು. ಮುಂದೆ ಆ ಮೂಲ ನೆಗೆಟಿವ್ ಸಹ ಬಹಳವಾಗಿ ಕೆಟ್ಟಿತು. 2025ರಲ್ಲಿ ಅದರ ಪುನರುದ್ಧಾರವಾದುದು ವರ್ಷಗಳ ಪರಿಶ್ರಮದಿಂದ. ಹಿರಿಯ ನೆಗೆಟಿವ್ ಮೊದಲೇ ಇದ್ದು ಪುನರುದ್ಧಾರವೂ ನಡೆದರೆ ಏನಾಗುತ್ತದೆಂಬುದಕ್ಕೆ ‘ಲಾರೆನ್ಸ್ ಆಫ್ ಅರೇಬಿಯಾ’ ಸಾಕ್ಷಿ. 1962ರ ಆ ಚಿತ್ರದ 65 ಮಿ.ಮೀ. ನೆಗೆಟಿವನ್ನು 2012ರ ಪುನರುದ್ಧಾರಕ್ಕಾಗಿ ಅಡ್ಡಸಾಲಿಗೆ ಎಂಟು ಸಾವಿರಕ್ಕೂ ಮಿಕ್ಕ ಬಿಂದುಗಳಂತೆ ಸ್ಕ್ಯಾನ್ ಮಾಡಿದರು.

ಡಿಜಿಟಲ್ ಕಡತಕ್ಕೆ ಬೇರೊಂದು ಬಗೆಯ ಆರೈಕೆ ಬೇಕು. ಅದನ್ನು ಓದುವ ಯಂತ್ರವೂ ತಂತ್ರಾಂಶವೂ ಹಳೆಯದಾಗುತ್ತವೆ. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ನಕಲು ಮಾಡುತ್ತಲೇ ಇರಬೇಕು. ಒಂದು ಚಿತ್ರದ ಮೂಲಪ್ರತಿಯನ್ನು ಫಿಲ್ಮಿನಲ್ಲಿ ಕಾಪಾಡಲು ವರ್ಷಕ್ಕೆ 1,059 ಡಾಲರೂ, ಡಿಜಿಟಲ್ ರೂಪದಲ್ಲಿ ಕಾಪಾಡಲು 12,514 ಡಾಲರೂ ಬೇಕೆಂದು ಅಮೆರಿಕದ ಚಲಚ್ಚಿತ್ರ ಅಕಾಡೆಮಿಯು 2007ರಲ್ಲಿ ಲೆಕ್ಕಹಾಕಿತ್ತು. ಅಂದಿನಿಂದ ಸಂಗ್ರಹದ ಬೆಲೆ ಇಳಿದಿದೆ. ಆದರೆ ನಕಲು ಮಾಡುವ ಸರಪಳಿ ಒಮ್ಮೆ ಕಡಿದರೆ ಎಲ್ಲವೂ ಹೋಯಿತೆಂಬುದು ಬದಲಾಗಿಲ್ಲ. ತಂಪಾದ, ಒಣಗಿದ ಕೋಣೆಯಲ್ಲಿಟ್ಟ ಫಿಲ್ಮನ್ನಾದರೋ ಎರಡು ತಲೆಮಾರು ಮರೆತರೂ ಮೂರನೆಯ ತಲೆಮಾರು ಬೆಳಕಿಗೆ ಹಿಡಿದು ನೋಡಬಹುದು.

ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಸಂರಕ್ಷಣೆಗೆ ಮಾತ್ರ ಫಿಲ್ಮಿಗೆ ಇಳಿಸಬಹುದಲ್ಲ ಎಂದರೆ, ಅದೂ ಸರಿಯಾದ ಮಾರ್ಗವೇ. ಸಾಮಾನ್ಯ ಚಿತ್ರಗಳಿಗೆ ಅಷ್ಟು ಸಾಕು. ಆದರೆ ಅದಕ್ಕೂ ಫಿಲ್ಮನ್ನು ತಯಾರಿಸುವವರು ಇರಬೇಕಷ್ಟೆ! 2012ರಲ್ಲಿ ಕೊಡಕ್ ಸಂಸ್ಥೆ ದಿವಾಳಿಯ ಅರ್ಜಿಯನ್ನು ಸಲ್ಲಿಸಿತ್ತು. 2013ರಲ್ಲಿ ಫ್ಯೂಜಿ ಸಂಸ್ಥೆ ಚಿತ್ರೀಕರಣದ ಫಿಲ್ಮುಗಳ ತಯಾರಿಕೆಯನ್ನು ನಿಲ್ಲಿಸಿತು. ನೆರೆಯ ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿಹೋಗಿದೆ. ಕತ್ತಲೆಯಲ್ಲಿ, ಧೂಳಿನ ಒಂದು ಕಣವೂ ಬೀಳದಂತೆ, ಪದರದ ಮೇಲೆ ಪದರವಾಗಿ ರಸಾಯನಗಳನ್ನು ಲೇಪಿಸುವ ವಿದ್ಯೆಯನ್ನು ಪುಸ್ತಕದಿಂದ ಮಾತ್ರ ಕಲಿಯಲಾಗದು. ಅದು ಕೆಲಸಗಾರರ ಕೈಯಲ್ಲಿರುತ್ತದೆ. ಕಾರ್ಖಾನೆ ನಿಂತರೆ ಅದೂ ನಿಲ್ಲುತ್ತದೆ. ಇಂದು ಕೆಲವು ನಿರ್ದೇಶಕರು ದುಬಾರಿಯಾದರೂ ಹಿರಿಯ ಫಿಲ್ಮನ್ನು ಕೊಳ್ಳುತ್ತಿರುವುದರಿಂದ ಆ ಕೈಗಳಿಗೆ ಕೆಲಸ ದೊರೆಯುತ್ತಿದೆ. ಅವರ ಉದ್ದೇಶ ಏನೇ ಇರಲಿ, ಉಪಕಾರ ಎಲ್ಲರಿಗೂ ಆಗುತ್ತಿದೆ.

ಪ್ರತಿಯೊಂದು ಚಿತ್ರವನ್ನೂ ಹೀಗೆಯೇ ತೆಗೆಯಬೇಕೆಂದು ನಾವು ಹೇಳುವುದಿಲ್ಲ. ರೈತನು ಬೆಳೆದುದನ್ನೆಲ್ಲ ಬಿತ್ತನೆಗೆಂದು ಇಡುವುದಿಲ್ಲ. ಉಣ್ಣುವ ಕಾಳು ಬೇರೆ, ಬೀಜದ ಕಾಳು ಬೇರೆ. ಆದರೆ ಬೀಜದ ಕಾಳನ್ನು ಆರಿಸಿ ಬೇರೆಯಾಗಿಡದ ಮನೆಯನ್ನು ಬುದ್ಧಿವಂತರ ಮನೆಯೆಂದು ಯಾರೂ ಹೇಳರು. ರಾಷ್ಟ್ರದ ಮಹತ್ತರ ಘಟನೆಗಳು, ವಿಜ್ಞಾನದ ಸಾಹಸಗಳು, ಅಳಿದುಹೋಗುತ್ತಿರುವ ಕಾಡು ಮತ್ತು ಕಲೆಗಳು, ಬಾಳಬಲ್ಲ ಕೆಲವು ಕಥಾಚಿತ್ರಗಳು, ಇವು ಬೀಜದ ಕಾಳುಗಳು. ಇವುಗಳಿಗೆ ಹಿರಿಯ ಫಿಲ್ಮು ಸಲ್ಲತಕ್ಕದ್ದು. ತೆಗೆದ ಮೇಲೆ ತಂಪಾದ ಕೋಣೆಯೂ ಎಚ್ಚರವುಳ್ಳ ಪಾಲಕನೂ ಸಲ್ಲತಕ್ಕದ್ದು. ಹಿರಿಯ ಕ್ಯಾಮೆರಾಕ್ಕೆ ಹಣ ಸುರಿದು ನೆಗೆಟಿವನ್ನು ಉಗ್ರಾಣದ ಮೂಲೆಗೆಸೆಯುವುದು ವ್ಯರ್ಥವಾದ ಆಡಂಬರ.

ತರುಣ ವಾಚಕರು ಮುಂದೆ ಹಿರಿಯ ಅಳತೆಯ ಚಿತ್ರವೆಂಬ ಜಾಹೀರಾತನ್ನು ಕಂಡಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಕ್ಯಾಮೆರಾದೊಳಗೆ ಇದ್ದ ಚೌಕಟ್ಟಿನ ನಿಜವಾದ ಅಳತೆ ಎಷ್ಟು? ಅದರ ನೆಗೆಟಿವ್ ಈಗ ಎಲ್ಲಿದೆ? ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವವರು ಬಹುಮಂದಿ ಸಿಕ್ಕುತ್ತಾರೆ. ಎರಡನೆಯದಕ್ಕೂ ಉತ್ತರ ಹೇಳಬಲ್ಲವರು ನಮ್ಮಲ್ಲಿ ಹೆಚ್ಚಬೇಕು; ಅಂಥವರು ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಿಂದಲೇ ಬರಬೇಕೆಂಬುದು ನಮ್ಮ ಆಶಯ.